ಕುದುರೆಯ ಗೊರಸು, ತಮ್ಮನ ಗಣಿತ

ಎರಡನೇ ವರ್ಷದ ಬಿ.ಇ.ಯಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡೆ. ಟ್ಯಾಂಕಿನ ಮಿರಿಮಿರಿ ಬಣ್ಣಕ್ಕೇ ಮರುಳಾಗಿದ್ದೆ. ಹದಿನೈದೇ ದಿನಕ್ಕೆ ಅದು ರಿಪೇರಿಗೆ ಬಂತು. 'ತಗೊಳ್ಳೋ ಮುಂಚೆ ಒಂದ್ಸಲ ಕೆಳಗೆ ಬಗ್ಗಿ ನೋಡ್ಬಾರ್ದಿತ್ತೇನಪ್ಪಾ?' ಎಂದು ಮೆಕ್ಯಾನಿಕ್ ನಕ್ಕರು.

ಸುಮಾರು 2,350 ವರ್ಷಗಳ ಹಿಂದೆ ಗ್ರೀಸಿನ ಜೆನೊಫನ್ ಕುದುರೆ ಕೊಳ್ಳುವವರಿಗೆ ಹೇಳಿದ್ದೂ ಇದನ್ನೇ. ಈತ ಸೈನಿಕ, ಸಾಕ್ರಟೀಸನ ಶಿಷ್ಯ. ಕುದುರೆ ಸವಾರಿ ಬಗ್ಗೆ ಅವನು ಬರೆದ ಪುಟ್ಟ ಪುಸ್ತಕದ ಇಂಗ್ಲಿಷ್ ಅನುವಾದ ಲೈಬ್ರರಿಯಲ್ಲಿ ಸಿಕ್ಕಿತು. ಮೊದಲು ಕಾಲು ನೋಡಿ ಎನ್ನುತ್ತಾನೆ ಆತ. ಅಡಿಪಾಯ ಸರಿಯಿಲ್ಲದ ಮನೆ ಎಷ್ಟು ಚೆಂದವಿದ್ದರೇನು? ಗೊರಸು ದಪ್ಪಗಿರಬೇಕು, ನೆಲಕ್ಕೆ ತಾಗಿದಾಗ ತಾಳದಂತೆ ದನಿಗೊಡಬೇಕು. ಹಲ್ಲು ನೋಡಿ ವಯಸ್ಸು ತಿಳಿಯಬೇಕು. ಇಂದಿಗೂ ಪಶುವೈದ್ಯರು ಗೊರಸು, ಹಲ್ಲು ಪರೀಕ್ಷಿಸುತ್ತಾರೆ, ನಡೆಸಿ, ಓಡಿಸಿ ನೋಡುತ್ತಾರೆ. ಬೇಕೆನಿಸಿದರೆ ಎಕ್ಸ್‌ರೇ ತೆಗೆಸುತ್ತಾರೆ.

ಹಾಗೆಂದು ಎಲ್ಲವೂ ಇಂದಿಗೆ ಹೊಂದುವುದಿಲ್ಲ. ಆಗ ರಿಕಾಪು ಇರಲಿಲ್ಲ, ಮೊಳೆ ಹೊಡೆದ ಲಾಳವೂ ಇರಲಿಲ್ಲ. ಗೊರಸು ಗಟ್ಟಿಯಾಗಲೆಂದು ಲಾಯದ ಹೊರಗೆ ನಾಲ್ಕೈದು ಗಾಡಿ ಉರುಟು ಕಲ್ಲು ಹರಡಿ, ಅದರ ಮೇಲೆ ಕುದುರೆ ನಿಲ್ಲಿಸಲು ಹೇಳುತ್ತಾನೆ. ಅವನು ವಿವರಿಸುವ ಮುಳ್ಳಿನ ಕಡಿವಾಣವನ್ನು ಪ್ರಾಣಿಪ್ರಿಯರು ಇಂದು ಒಪ್ಪಲಾರರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಮಾತು. ಸಿಟ್ಟಿನಲ್ಲಿದ್ದಾಗ ಕುದುರೆಯ ಬಳಿ ಹೋಗಬೇಡಿ ಎನ್ನುತ್ತಾನೆ. ಯಾವುದನ್ನೋ ಕಂಡು ಬೆದರಿದ ಕುದುರೆಗೆ ಹೊಡೆದರೆ, ಆ ನೋವು ಬಂದದ್ದು ಆ ವಸ್ತುವಿನಿಂದಲೇ ಎಂದುಕೊಂಡು ಅದು ಇನ್ನಷ್ಟು ಹೆದರುತ್ತದೆ. ಆ ವಸ್ತುವನ್ನು ನೀವೇ ಮುಟ್ಟಿ ತೋರಿಸಿ, ಮೆಲ್ಲಗೆ ಹತ್ತಿರ ಕರೆದೊಯ್ಯಿರಿ. ಹೊಡೆತದಿಂದ ಭಯ ಹೆಚ್ಚುತ್ತದೆ ಎಂದು ಇಂದಿನ ತರಬೇತುದಾರರೂ ಹೇಳುತ್ತಾರೆ.

ಅದನ್ನು ಓದಿದಾಗ ನೆನಪಾದದ್ದು ಪಿಯುಸಿ ಓದುತ್ತಿರುವ ತಮ್ಮ. ಇಂಟಿಗ್ರೇಷನ್ ಲೆಕ್ಕ ತಪ್ಪಿದಾಗಲೆಲ್ಲ ನಾನು ಮೇಜು ಕುಟ್ಟಿ ಬೈಯುತ್ತಿದ್ದೆ. ಅವನು ತಲೆ ತಗ್ಗಿಸುತ್ತಿದ್ದ. ಕೊನೆಕೊನೆಗೆ ಗಣಿತದ ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದ. ಅವನು ಹೆದರಿದ್ದು ನನಗೆ. ಭಯ ಅಂಟಿಕೊಂಡದ್ದು ಮಾತ್ರ ಗಣಿತಕ್ಕೆ.

ಈಗ ತಪ್ಪಾದರೆ ಸುಲಭದ ಲೆಕ್ಕಕ್ಕೆ ಹಿಂದಿರುಗುತ್ತೇವೆ. ಮೊದಲು ನಾನು ಮಾಡಿ ತೋರಿಸುತ್ತೇನೆ, ಆಮೇಲೆ ಅವನು. ಸಿಟ್ಟು ಬಂದರೆ ಎದ್ದು ಹೊರಗೆ ಹೋಗಿ ನೀರು ಕುಡಿದು ಬರುತ್ತೇನೆ. ಮೊನ್ನೆ ರಾತ್ರಿ ಅವನೇ ನೋಟ್‌ಬುಕ್ ಹಿಡಿದು ಬಂದು, 'ಅಣ್ಣಾ, ಇದೊಂದು ಹೇಳ್ಕೊಡು' ಎಂದ.