ತಿರುವು ದೀಪದ ಗಡಿಬಿಡಿ

ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದೊಡನೆ ಕಾರಿನ ತಿರುವು ದೀಪ ಗಡಿಬಿಡಿಯಿಂದ ಮಿಟುಕುವುದುಂಟು. ಕೆಲವು ಹಳೆಯ ವಾಹನಗಳಲ್ಲಿ ಮಿಟುಕದೆ ಸುಮ್ಮನೆ ಉರಿಯುವುದೂ ಉಂಟು. ಇದಕ್ಕೆ ಕಾರಣವೇನು? ೧೨ ವೋಲ್ಟಿನಲ್ಲಿ ೨೧ ವಾಟಿನ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಎಲ್‌ಇಡಿಗೆ ಅದರಲ್ಲಿ ಅಲ್ಪಾಂಶ ಸಾಕು. ಹಳೆಯ ಫ್ಲಾಷರಿನ ಲೋಹದ ಪಟ್ಟಿ ಕಾದು ಬಾಗಲು ಅಷ್ಟು ಪ್ರವಾಹ ಸಾಲದು. ಎಲೆಕ್ಟ್ರಾನಿಕ್ ಫ್ಲಾಷರಾದರೋ ಬಲ್ಬು ಸುಟ್ಟಿದೆಯೆಂದು ಬಗೆದು ಅವಸರಪಡುತ್ತದೆ.

ಬಲ್ಬಿಗೆ ಸಮಾಂತರವಾಗಿ ೬ ಓಮಿನ ರೋಧಕವನ್ನು ಸೇರಿಸುವ ರೂಢಿಯಿದೆ. ಆದರೆ ದೀಪ ಉರಿಯುವಷ್ಟು ಹೊತ್ತೂ ಅದು ೨೪ ವಾಟಿನ ಶಾಖ ಬಿಡುತ್ತದೆ; ತಂತಿಗೋ ಪ್ಲಾಸ್ಟಿಕ್ಕಿಗೋ ತಗಲಿದರೆ ಸುಟ್ಟು ಅನಾಹುತವಾದೀತು. ಅದನ್ನು ಲೋಹದ ಮೈಗೇ ಬಿಗಿಯಬೇಕು. ಫ್ಲಾಷರ್ ಬೇರೆಯಾಗಿರುವ ವಾಹನಗಳಲ್ಲಿ ಎಲ್‌ಇಡಿಗೆ ಹೊಂದುವ ಫ್ಲಾಷರನ್ನೇ ಹಾಕಿಸುವುದು ಮೇಲು.

ತಿರುವು ದೀಪವು ಹಿಂದೆ ಬರುವವರೊಡನೆ ನಾವಾಡುವ ಮಾತು, ಅದು ತೊದಲಬಾರದು.