ತುಟಿಗೆ ಹಚ್ಚುವ ಮುನ್ನ ಡಬ್ಬಿಯ ಹಿಂಬದಿ ಓದಿ

ಕಾರ್ತಿಕ ಕಳೆದು ಮಾರ್ಗಶಿರದ ಗಾಳಿ ಬೀಸತೊಡಗಿತೆಂದರೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ಮೊದಲು ಒಡೆಯುವುದು ಹಿಮ್ಮಡಿ, ಅದರ ಹಿಂದೆಯೇ ತುಟಿ. ಹಿಮ್ಮಡಿಯನ್ನಾದರೂ ಸೀರೆಯ ಅಂಚು ಮುಚ್ಚೀತು, ತುಟಿಯನ್ನು ಮುಚ್ಚುವುದು ಹೇಗೆ? ನಕ್ಕರೆ ಬಿರಿಯುತ್ತದೆ, ಸಾರಿನ ಖಾರ ತಾಗಿದರೆ ಉರಿಯುತ್ತದೆ. ಆಗ ಅಂಗಡಿಗೆ ಹೋಗಿ ನೋಡಿ, ಬಗೆಬಗೆಯ ಲಿಪ್ ಬಾಮ್‌ಗಳು! ಒಂದರ ಮೇಲೆ ಜೇನುಹುಳದ ಚಿತ್ರ, ಇನ್ನೊಂದರ ಮೇಲೆ ಬಾದಾಮಿ, ಮತ್ತೊಂದರ ಮೇಲೆ ಹಸಿರೆಲೆ. ಎಲ್ಲದರ ಮೇಲೂ ‘ನ್ಯಾಚುರಲ್’, ‘ಹೈಡ್ರೇಟಿಂಗ್’ ಅಂತ ಎರಡು ಮಾತು. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಯಾವುದನ್ನು ಕೊಳ್ಳೋಣ? ಉತ್ತರ ಡಬ್ಬಿಯ ಮುಂದಿನ ಚಿತ್ರದಲ್ಲಿಲ್ಲ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆ. ಬದನೆಕಾಯಿ ಕೊಳ್ಳುವಾಗ ತಿರುಗಿಸಿ ಹುಳುಕು ನೋಡುವವರು ನಾವು. ತುಟಿಗೆ ಹಚ್ಚಿದ್ದು ಸ್ವಲ್ಪವಾದರೂ ಹೊಟ್ಟೆಗೆ ಹೋಗುತ್ತದೆ. ಅಂದ ಮೇಲೆ ಇದನ್ನೂ ತಿರುಗಿಸಿ ನೋಡಬೇಡವೇ?

ತುಟಿಯೇ ಏಕೆ ಒಡೆಯುತ್ತದೆ?

ಮೈಯ ಚರ್ಮದಲ್ಲಿ ಎಣ್ಣೆ ಒಸರುವ ಗ್ರಂಥಿಗಳಿವೆ. ತುಟಿಯ ಕೆಂಪು ಭಾಗದಲ್ಲಿ ಅವು ಇಲ್ಲವೆಂದೇ ಹೇಳಬೇಕು. ಮೇಲಿನ ಪದರವೂ ತೀರಾ ತೆಳು. ಹೀಗಾಗಿ ಒಣಗಾಳಿಗೆ ಒಳಗಿನ ನೀರು ಬೇಗ ಆರಿಹೋಗುತ್ತದೆ. ಒಣಗಿತಲ್ಲಾ ಎಂದು ನಾವು ನಾಲಿಗೆಯಿಂದ ಸವರಿಕೊಳ್ಳುತ್ತೇವೆ. ಆ ಕ್ಷಣಕ್ಕೆ ಹಿತ. ಆದರೆ ಎಂಜಲು ಆರಿದ ಮೇಲೆ ತುಟಿ ಮೊದಲಿಗಿಂತ ಹೆಚ್ಚು ಒಣಗಿರುತ್ತದೆ. ಅನ್ನ ಅರಗಿಸುವ ರಸಗಳು ಎಂಜಲಿನಲ್ಲಿ ಇರುವುದರಿಂದ ಆ ತೆಳು ಚರ್ಮ ಕೆರಳುವುದೂ ಉಂಟು.

ಒಂದು ಮಾತು ಚೆನ್ನಾಗಿ ನೆನಪಿಡಿ. ಯಾವ ಬಾಮೂ ತುಟಿಯೊಳಕ್ಕೆ ನೀರು ತುಂಬುವುದಿಲ್ಲ. ಇರುವ ನೀರು ಆರದಂತೆ ತಡೆಯುವುದೇ ಅದರ ಮುಖ್ಯ ಕೆಲಸ. ಕಲಸಿಟ್ಟ ಚಪಾತಿ ಹಿಟ್ಟಿನ ಮೇಲೆ ಎಣ್ಣೆ ಸವರಿ ಮುಚ್ಚಿಡುತ್ತೀರಲ್ಲ, ಹಾಗೆ. ಆದ್ದರಿಂದ ಬಿರಿದು ಒಣಗಿದ ತುಟಿಗೆ ನೇರವಾಗಿ ಹಚ್ಚಬೇಡಿ. ಮುಖ ತೊಳೆದು, ತುಟಿಯನ್ನು ಮೆತ್ತಗೆ ಒತ್ತಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಹಚ್ಚಿ. ರಾತ್ರಿ ಮಲಗುವ ಮುನ್ನ ಮರೆಯದೆ ಹಚ್ಚಿ.

ಮೂರು ಬಗೆಯ ಪದಾರ್ಥಗಳು

ಡಬ್ಬಿಯಲ್ಲಿ ಏನೇ ಹೆಸರಿದ್ದರೂ ಕೆಲಸ ಮಾಡುವ ಪದಾರ್ಥಗಳು ಮೂರೇ ಬಗೆ.

ಮೊದಲನೆಯದು ಮುಚ್ಚುವವು. ಜೇನುಮೇಣ, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್, ಪೆಟ್ರೋಲಿಯಂ ಜೆಲ್ಲಿ ಈ ಗುಂಪಿನವು. ಪೆಟ್ರೋಲಿಯಂ ಜೆಲ್ಲಿ ಗಿಡದಿಂದ ಬಂದದ್ದಲ್ಲ, ಕಲ್ಲೆಣ್ಣೆಯಿಂದ ತೆಗೆದದ್ದು. ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1872ರಲ್ಲಿ. ಆದರೂ ಚೆನ್ನಾಗಿ ಶುದ್ಧಿ ಮಾಡಿದ ಜೆಲ್ಲಿ ನೀರು ಆರದಂತೆ ತಡೆಯುವುದರಲ್ಲಿ ಎತ್ತಿದ ಕೈ, ಅಲರ್ಜಿ ಮಾಡುವುದೂ ಅಪರೂಪ. ‘ನೈಸರ್ಗಿಕ’ ಅಲ್ಲವೆಂದು ಅದನ್ನು ದೂರ ಇಡಬೇಕಾಗಿಲ್ಲ.

ಎರಡನೆಯದು ಮೆತ್ತಗೆ ಮಾಡುವವು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬಾದಾಮಿ ಎಣ್ಣೆ, ಶಿಯಾ ಬೆಣ್ಣೆ, ಕೋಕೋ ಬೆಣ್ಣೆ. ನಮ್ಮ ಶಿರಸಿ, ಕುಮಟಾ ಕಡೆಯವರು ಬಲ್ಲ ಮುರುಗಲ ತುಪ್ಪವೂ ಇದೇ ಸಾಲಿಗೆ ಸೇರಿದ್ದು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಹಣ್ಣಿನ ಬೀಜದಿಂದ ತೆಗೆಯುವ ಈ ತುಪ್ಪ ಮಾಮೂಲಿ ಹವೆಯಲ್ಲಿ ಗಟ್ಟಿ, ತುಟಿಯ ಮೇಲೆ ಉಜ್ಜಿದರೆ ಕರಗುತ್ತದೆ. ಅಜ್ಜಿಯರು ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚುತ್ತಿದ್ದುದು ಸುಮ್ಮನೆ ಅಲ್ಲ ನೋಡಿ.

ಮೂರನೆಯದು ನೀರು ಹಿಡಿದಿಡುವವು. ಗ್ಲಿಸರಿನ್ ಮತ್ತು ಜೇನುತುಪ್ಪ. ‘ಹೈಡ್ರೇಟಿಂಗ್’ ಎಂಬ ಮಾತಿಗೆ ಆಧಾರ ಹೆಚ್ಚಾಗಿ ಇವೇ. ಆದರೆ ಒಣಗಾಳಿಯಲ್ಲಿ ಗ್ಲಿಸರಿನ್ ಒಂದನ್ನೇ ಹಚ್ಚಿದರೆ ಅದು ತುಟಿಯ ಒಳಗಿನ ನೀರನ್ನೇ ಮೇಲಕ್ಕೆಳೆದು ಆರಲು ಬಿಟ್ಟೀತು. ಅದರ ಜೊತೆಗೆ ಮೇಣವೋ ಜೆಲ್ಲಿಯೋ ಇದ್ದರೇ ಚೆನ್ನ.

ಒಳ್ಳೆಯ ಬಾಮ್‌ನಲ್ಲಿ ಮೊದಲ ಎರಡು ಬಗೆ ಇರಲೇಬೇಕು. ಮೂರನೆಯದು ಇದ್ದರೆ ಲೇಸು.

ಹೆಸರು ಕಂಡು ಗಾಬರಿಯಾಗಬೇಡಿ

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು, ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಆಮೇಲೆ ಎಂಬ ಕ್ರಮದಲ್ಲಿ ಬರೆಯಬೇಕು. ಮುಂದುಗಡೆ ದೊಡ್ಡ ಬಾದಾಮಿ ಚಿತ್ರ, ಹಿಂದೆ ಪಟ್ಟಿಯ ಕೊನೆಯಲ್ಲಿ ಬಾದಾಮಿ ಎಣ್ಣೆ ಎಂದಿದ್ದರೆ, ನೀವು ದುಡ್ಡು ಕೊಡುತ್ತಿರುವುದು ಚಿತ್ರಕ್ಕೆ! ತೀರಾ ಚಿಕ್ಕ ಡಬ್ಬಿಗಳಿಗೆ ಈ ಪಟ್ಟಿಯ ವಿನಾಯಿತಿ ಇದೆ. ಆದ್ದರಿಂದ ಹೊರಗಿನ ರಟ್ಟಿನ ಪೆಟ್ಟಿಗೆಯನ್ನೂ ನೋಡಿ. ಪಟ್ಟಿ ಕೊಟ್ಟದ್ದು, ಕೊಡದ್ದು ಎರಡೂ ಎದುರಿಗಿದ್ದರೆ ಕೊಟ್ಟದ್ದನ್ನೇ ಆರಿಸಿ. ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಯಾವ ತಿಂಗಳೊಳಗೆ ಬಳಸಬೇಕೆಂಬ ತಾರೀಖು ಇವೂ ಇರಬೇಕು.

ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ, ಕೆಲವು ಹೆಸರುಗಳಂತೂ ಲ್ಯಾಟಿನ್. ಶಾಲೆಗೆ ಹೋಗುವ ಮಗನ ಕೈಲೋ ಮಗಳ ಕೈಲೋ ಓದಿಸಿ. ‘ಸೆರಾ ಆಲ್ಬಾ’ ಎಂದರೆ ಜೇನುಮೇಣ. ‘ಕೋಕೋಸ್ ನುಸಿಫೆರಾ’ ನಮ್ಮ ತೆಂಗು. ‘ರಿಸಿನಸ್ ಕಮ್ಯುನಿಸ್’ ಹರಳು. ‘ಗಾರ್ಸೀನಿಯಾ ಇಂಡಿಕಾ’ ಮುರುಗಲು. ‘ಪೆಟ್ರೋಲಾಟಮ್’ ಎಂದರೆ ಪೆಟ್ರೋಲಿಯಂ ಜೆಲ್ಲಿ. ‘ಟೊಕೊಫೆರಾಲ್’ ಎಂದರೆ ಇ ಜೀವಸತ್ವ, ಎಣ್ಣೆ ಬೇಗ ಕಮಟು ಹಿಡಿಯದಂತೆ ಹಾಕುತ್ತಾರೆ.

ಸಸ್ಯದಿಂದ ಬಂದದ್ದೆಲ್ಲ ಸಾಧುವಲ್ಲ

ಮೆಣಸಿನಕಾಯಿಯೂ ಸಸ್ಯದ್ದೇ ತಾನೇ? ಮೆಂಥಾಲ್, ಕರ್ಪೂರ, ಪುದೀನ ಎಣ್ಣೆ, ದಾಲ್ಚಿನ್ನಿ ಎಣ್ಣೆ ಇವೆಲ್ಲ ಹಚ್ಚಿದಾಗ ತಣ್ಣಗೆ, ಚುರುಚುರು ಅನ್ನಿಸುತ್ತವೆ. ‘ಕೆಲಸ ಮಾಡ್ತಾ ಇದೆ’ ಅಂತ ನಾವು ಖುಷಿಪಡುತ್ತೇವೆ. ಒಡೆದ ತುಟಿಗೆ ಅದು ಉರಿಯೇ. ಘಮಘಮ ಸುವಾಸನೆ, ಹಣ್ಣಿನ ರುಚಿ ಬೆರೆಸಿದ್ದೂ ಹಾಗೆಯೇ. ಹಚ್ಚಿದಷ್ಟೂ ತುಟಿ ಒಣಗಿ ಸುಲಿಯುತ್ತಿದೆ ಎನಿಸಿದರೆ ಆ ಡಬ್ಬಿಯನ್ನು ಪಕ್ಕಕ್ಕಿಟ್ಟು, ಸುವಾಸನೆಯಿಲ್ಲದ ಸಾದಾ ಜೆಲ್ಲಿಯನ್ನು ಎರಡು ವಾರ ಹಚ್ಚಿ ನೋಡಿ.

ನಮ್ಮ ಪಕ್ಕದ ಮನೆಯ ಏಳು ವರ್ಷದ ಹುಡುಗನಿಗೆ ಬಾಯಿಯ ಸುತ್ತ ಕಪ್ಪು ಬಳೆಯಂತೆ ಆಗಿತ್ತು. ಪಾಪ, ಅವನ ತಾಯಿ ಸ್ಟ್ರಾಬೆರಿ ರುಚಿಯ ಬಾಮ್ ತಂದುಕೊಟ್ಟರು. ರುಚಿ ಸಿಕ್ಕ ಮೇಲೆ ಕೇಳಬೇಕೆ, ಹಗಲೆಲ್ಲ ನೆಕ್ಕಿದ್ದೇ ನೆಕ್ಕಿದ್ದು! ಚರ್ಮದ ಡಾಕ್ಟರು ರುಚಿಯಿಲ್ಲದ ಜೆಲ್ಲಿಯನ್ನು ತುಟಿಗೂ ಸುತ್ತಲಿನ ಚರ್ಮಕ್ಕೂ ದಪ್ಪಗೆ ಹಚ್ಚಲು ಹೇಳಿದರು. ನೆಕ್ಕುವ ಚಟ ಬಿಟ್ಟ ಹಾಗೆ ಆ ಕಪ್ಪೂ ಮಾಯತೊಡಗಿತು.

ಒಂದು ವರ್ಷ ತುಂಬದ ಕೂಸಿನ ತುಟಿಗೆ ಜೇನು ಸವರಲೇಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ಜೀವಾಣು ಎಳೆಮಗುವಿಗೆ ಪ್ರಾಣಾಪಾಯ ತಂದೀತು. ಕರ್ಪೂರ ಬೆರೆತ ಬಾಮ್‌ ಅನ್ನೂ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ.

ಮನೆಯಲ್ಲೇ ಮಾಡುವುದಾದರೆ

ತುರಿದ ಜೇನುಮೇಣ 1 ಚಮಚ, ಮುರುಗಲ ತುಪ್ಪ 1 ಚಮಚ, ಕೊಬ್ಬರಿ ಎಣ್ಣೆ 2 ಚಮಚ, ಹರಳೆಣ್ಣೆ 1 ಚಮಚ. ಒಂದು ಬಟ್ಟಲಲ್ಲಿ ಎಲ್ಲ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಕರಗಿಸಿ. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ಹೊತ್ತಿಕೊಂಡೀತು. ಪಾಕದ ಹದ ನೋಡುವಂತೆ ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ. ತೀರಾ ಗಟ್ಟಿಯಾದರೆ ಎಣ್ಣೆ, ತೆಳ್ಳಗಾದರೆ ಮೇಣ ಸ್ವಲ್ಪ ಸೇರಿಸಿ. ಬೇಸಿಗೆಗೆ ಮೇಣ ಒಂದು ಚಿಟಿಕೆ ಹೆಚ್ಚಿರಲಿ. ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಡಬ್ಬಿಗೆ ಹಾಕಿಡಿ. ಪನ್ನೀರು, ಜೇನು, ಬೀಟ್‌ರೂಟ್ ರಸ ಬೆರೆಸಬೇಡಿ. ನೀರಿನಂಶ ಸೇರಿದರೆ ಬೂಷ್ಟು ಬರುತ್ತದೆ. ಮೂರು ತಿಂಗಳೊಳಗೆ ಮುಗಿಸಿ. ಮೇಣದಬತ್ತಿಯ ಮೇಣ ಇದಕ್ಕೆ ಸಲ್ಲದು.

ಮನೆಯ ಬಾಮ್ ಬಿಸಿಲನ್ನು ತಡೆಯುವುದಿಲ್ಲ. ಹೊಲದಲ್ಲಿ, ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಇರುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಕೊಳ್ಳುವುದೇ ಸರಿ. ಬಿಸಿಲು ಹೆಚ್ಚಾಗಿ ಬೀಳುವುದು ಕೆಳತುಟಿಯ ಮೇಲೆ. ಸೆರಗೋ ಕೊಡೆಯೋ ಜೊತೆಗಿರಲಿ.

ಬಾಮ್‌ಗೆ ಬಗ್ಗದ ತುಟಿ

ಕಟಬಾಯಿ ಪದೇ ಪದೇ ಒಡೆಯುತ್ತಿದ್ದರೆ ಅದು ಬರೀ ಚಳಿಯ ಕಾಟವಲ್ಲದಿರಬಹುದು. ಕಬ್ಬಿಣದ ಅಂಶ ಅಥವಾ ಬಿ ಜೀವಸತ್ವಗಳ ಕೊರತೆ, ಶಿಲೀಂಧ್ರದ ಸೋಂಕು, ಹಿರಿಯರಲ್ಲಿ ಸರಿಯಾಗಿ ಕೂರದ ಹಲ್ಲುಸೆಟ್ಟು ಇದಕ್ಕೆ ಕಾರಣವಾಗುತ್ತವೆ. ಆಗ ಬೇಕಾದದ್ದು ರಕ್ತಪರೀಕ್ಷೆ, ಇನ್ನೊಂದು ಡಬ್ಬಿಯಲ್ಲ.

ಇನ್ನೂ ಮುಖ್ಯವಾದದ್ದು ಹೇಳುತ್ತೇನೆ. ತುಟಿಯ ಮೇಲಿನ ಹುಣ್ಣು, ಬಿಳಿ ಕಲೆ, ಗಂಟು ಅಥವಾ ಗಡುಸಾದ ಜಾಗ ಎರಡು-ಮೂರು ವಾರವಾದರೂ ಮಾಯದಿದ್ದರೆ ಅದರ ಮೇಲೆ ತುಪ್ಪ, ಬಾಮ್ ಸವರುತ್ತಾ ಕೂರಬೇಡಿ. ಹೊಗೆಸೊಪ್ಪು, ಕಡ್ಡಿಪುಡಿ, ಅಡಿಕೆ ಹಾಕುವವರಲ್ಲಂತೂ ಒಂದು ದಿನವೂ ತಡ ಮಾಡಬಾರದು. ಬಾಯಿಯ ಕ್ಯಾನ್ಸರು ಮೊದಲ ಹಂತದಲ್ಲೇ ಗೊತ್ತಾದರೆ ಗುಣವಾಗುವ ಸಂಭವ ಬಹಳ ಹೆಚ್ಚು.

ಮನೆಯವರಿಗೆ, ಮಕ್ಕಳಿಗೆ ಏನಾದರೂ ಆದರೆ ಆ ದಿನವೇ ಆಸ್ಪತ್ರೆಗೆ ಹೊರಡಿಸುವ ನಾವು, ನಮ್ಮದಾದರೆ ‘ಹಬ್ಬ ಕಳೀಲಿ, ಪರೀಕ್ಷೆ ಮುಗೀಲಿ’ ಅಂತ ಮುಂದಕ್ಕೆ ಹಾಕುತ್ತೇವೆ. ಇವತ್ತು ರಾತ್ರಿ ತುಟಿಗೆ ಹಚ್ಚಿಕೊಳ್ಳುವಾಗ ದೀಪದ ಬೆಳಕಿನಲ್ಲಿ ಕನ್ನಡಿಯೆದುರು ಒಮ್ಮೆ ನಿಂತು, ಕೆಳತುಟಿಯನ್ನು ಹೊರಳಿಸಿ ಒಳಗೂ ನೋಡಿಕೊಳ್ಳಿ. ಮನೆಯಲ್ಲಿ ಎಲೆ ಅಡಿಕೆ ಹಾಕುವ ಅತ್ತೆಯವರಿದ್ದರೆ ಅವರನ್ನೂ ಕೂರಿಸಿಕೊಂಡು ನೋಡಿ.