ಅಂಗಡಿಕಾರರ ಸಂಘ ಯಾವ ಬಾಗಿಲು ತಟ್ಟಬೇಕು?

ತೂಕ, ಅಳತೆ, ಕೊಟ್ಟ ಮಾತು ಇವುಗಳ ಬಗ್ಗೆ ಜುಮಾ ಖುತ್ಬಾದಲ್ಲಿ ನಾವು ಮತ್ತೆ ಮತ್ತೆ ಹೇಳುತ್ತೇವೆ. ಅವು ಒಬ್ಬೊಬ್ಬ ವ್ಯಾಪಾರಿಯ ಹೊಣೆ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಡಿಕಾರರ ಕೆಲವು ಕಷ್ಟಗಳು ಒಬ್ಬರ ಪ್ರಾಮಾಣಿಕತೆಯಿಂದ ಮಾತ್ರ ಬಗೆಹರಿಯುವುದಿಲ್ಲ. ತೆರಿಗೆಯ ನೋಟಿಸು, ಹಣ್ಣಿನ ಗಾಡಿಯ ಎತ್ತಂಗಡಿ, ಅಡಿಕೆ ಧಾರಣೆಯ ಕುಸಿತ ಇವೆಲ್ಲ ಸರ್ಕಾರದ ತೀರ್ಮಾನಗಳ ಜೊತೆ ಸೇರಿಕೊಂಡಿವೆ. ಅಂಥ ಹೊತ್ತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಪರಿಚಯದ ಪುಢಾರಿಯ ಮನೆಗೆ ಒಬ್ಬರೇ ಹೋಗಿ ನಿಲ್ಲುತ್ತಾರೆ. ಕೆಲಸವಾದರೂ ಅದು ಉಪಕಾರ, ಹಕ್ಕಲ್ಲ. ಪಕ್ಕದ ಅಂಗಡಿಯವನಿಗೆ ಅದರಿಂದ ಏನೂ ಸಿಗುವುದಿಲ್ಲ. ಮುಂದಿನ ವರ್ಷ ಅದೇ ನೋಟಿಸು ಬಂದರೆ ಮತ್ತೆ ಅದೇ ಮನೆಯ ಮೆಟ್ಟಿಲು.

ಇದಕ್ಕೆ ದಾರಿ ಸಂಘ. ಇದು ಹೊಸ ವಿಚಾರವೇನಲ್ಲ. ಪ್ರವಾದಿ(ಸ)ಯವರು ಇನ್ನೂ ಯುವಕರಾಗಿದ್ದಾಗ ಯಮನಿನ ಝಬೀದ್ ಊರಿನ ವ್ಯಾಪಾರಿಯೊಬ್ಬ ಮಕ್ಕಾಕ್ಕೆ ಸರಕು ತಂದ. ಊರಿನ ಪ್ರಮುಖನೊಬ್ಬ ಸರಕು ಪಡೆದು ಹಣ ಕೊಡಲಿಲ್ಲ. ಹೊರಗಿನವನ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. ಆಗ ಮಕ್ಕಾದ ಕೆಲವು ಮನೆತನಗಳು ಅಬ್ದುಲ್ಲಾ ಬಿನ್ ಜುದ್‌ಆನ್ ಅವರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವರು ಯಾರೇ ಇರಲಿ ಅವರ ಪರ ಒಟ್ಟಾಗಿ ನಿಲ್ಲುವೆವೆಂದು ಒಪ್ಪಂದ ಮಾಡಿಕೊಂಡವು. ಅದೇ ಹಿಲ್ಫುಲ್ ಫುಝೂಲ್. ಪ್ರವಾದಿ(ಸ)ಯವರು ಅದರಲ್ಲಿ ಪಾಲ್ಗೊಂಡಿದ್ದರು, ಮುಂದೆಯೂ ಅದನ್ನು ಮೆಚ್ಚಿ ನೆನೆಯುತ್ತಿದ್ದರು. ಆ ಒಪ್ಪಂದ ಒಬ್ಬನ ಬಾಕಿಗಾಗಿ ಶುರುವಾದರೂ ಎಲ್ಲರ ನ್ಯಾಯಕ್ಕಾಗಿ ನಿಂತಿತು. ಸಂಘ ಎಂದರೆ ಹೀಗಿರಬೇಕು.

ನಮ್ಮ ರಾಜ್ಯದಲ್ಲೇ ಇತ್ತೀಚೆಗೆ ನಡೆದದ್ದನ್ನು ನೋಡೋಣ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಚಹಾ, ತರಕಾರಿ ಅಂಗಡಿಗಳಂಥ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನಿಯಮ. ಹೆದರಿದ ಹಲವರು ‘ನಗದು ಮಾತ್ರ’ ಎಂಬ ಬೋರ್ಡು ತಗುಲಿಸಿದರು. ಬೋರ್ಡಿನಿಂದ ನೋಟಿಸು ಹೋಗಲಿಲ್ಲ. ಸಂಘಗಳು ಜುಲೈ 25ಕ್ಕೆ ಬಂದ್ ಕರೆದವು, 23ರಂದು ಕಪ್ಪುಪಟ್ಟಿ ಧರಿಸಿದವು. ಅಂದೇ ಮುಖ್ಯಮಂತ್ರಿಗಳು ವ್ಯಾಪಾರಿ ಪ್ರತಿನಿಧಿಗಳೊಡನೆ ಸಭೆ ನಡೆಸಿದರು. ಸಣ್ಣ ವ್ಯಾಪಾರಿಗಳು ನೋಂದಣಿ ಮಾಡಿಸಿಕೊಳ್ಳಬೇಕು, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಎಂಬ ಭರವಸೆ ಸಿಕ್ಕಿತು, ಬಂದ್ ಹಿಂದಕ್ಕೆ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ಗಲಾಟೆಯನ್ನಲ್ಲ, ವಾದವನ್ನು. ಹಾಲು, ತಾಜಾ ತರಕಾರಿ, ಹಣ್ಣಿಗೆ ಜಿಎಸ್‌ಟಿಯೇ ಇಲ್ಲ. ಫೋನಿಗೆ ಬಂದ ಹಣದಲ್ಲಿ ಅಂಥ ಮಾರಾಟವೂ ಇದೆ, ಕೈಸಾಲವೂ ಇದೆ, ಮನೆಯವರು ಕಳಿಸಿದ್ದೂ ಇದೆ. ಎಲ್ಲವನ್ನೂ ಕೂಡಿಸಿ ವಹಿವಾಟು ಎಂದರೆ ಹೇಗೆ? ಈ ಮಾತಿಗೆ ಸರ್ಕಾರ ಉತ್ತರ ಕೊಡಲೇಬೇಕಾಯಿತು. ಜೊತೆಗೆ ವ್ಯಾಪಾರಿಗಳೂ ನೋಂದಣಿಗೆ ಒಪ್ಪಿದರು. ಕೇಳುವವನು ಕೊಡಲೂ ಸಿದ್ಧನಿದ್ದರೆ ಮಾತುಕತೆ ಮುಗಿಯುತ್ತದೆ.

ಎರಡನೆಯ ಪಾಠ ನಮ್ಮ ಅಡಿಕೆಯದು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿತು, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ. ಹೊರದೇಶದ ಅಗ್ಗದ ಅಡಿಕೆ ಬಂದಾಗಲೆಲ್ಲ ಬೆಳೆಗಾರರ ಸಂಸ್ಥೆಗಳು ದೆಹಲಿಗೆ ಮನವಿ ಒಯ್ದವು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ದೆಹಲಿ ಕೇಳುವುದು ಲೆಕ್ಕವನ್ನು: ಒಂದು ಕಿಲೋ ಬೆಳೆಯಲು ಬೀಳುವ ಖರ್ಚೆಷ್ಟು, ಹೊರಗಿನ ಮಾಲು ಎಷ್ಟಕ್ಕೆ ಬಂದಿಳಿಯುತ್ತದೆ? ವರ್ಷವರ್ಷವೂ ಲೆಕ್ಕ ಇಟ್ಟ ಸಂಸ್ಥೆಗೆ ಮಾತ್ರ ಅದನ್ನು ಹೇಳಲು ಸಾಧ್ಯ.

ಹಾಗಾದರೆ ನಮ್ಮ ಪಟ್ಟಣಗಳ ಸಂಘ ಮೊದಲು ತಿಳಿಯಬೇಕಾದದ್ದು ಯಾವ ಮಾತು ಯಾವ ಬಾಗಿಲಿಗೆ ಸೇರಿದ್ದು ಎಂಬುದು. ಸಂತೆ ಜಾಗ, ಚರಂಡಿ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿಯಾದರೆ ಶಿರಸಿಯಲ್ಲಿ ನಗರಸಭೆ, ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ ಪಟ್ಟಣ ಪಂಚಾಯತ. ಎಪಿಎಂಸಿ ಶುಲ್ಕ ರಾಜ್ಯ ಸರ್ಕಾರದ್ದು. ಆಮದು ಬೆಲೆ ಕೇಂದ್ರದ್ದು. ಜಿಎಸ್‌ಟಿ ದರ ಕೇಂದ್ರ ಮತ್ತು ರಾಜ್ಯಗಳೆರಡೂ ಕೂರುವ ಜಿಎಸ್‌ಟಿ ಮಂಡಳಿಯದ್ದು. ಚರಂಡಿಗಾಗಿ ಸಂಸದರಿಗೂ ಆಮದು ಬೆಲೆಗಾಗಿ ವಾರ್ಡ್ ಸದಸ್ಯರಿಗೂ ಮನವಿ ಕೊಟ್ಟರೆ ಫೋಟೋ ಬರುತ್ತದೆ, ಕೆಲಸ ಬರುವುದಿಲ್ಲ. ಇನ್ನೊಂದು ಮಾತು: ಶಿರಸಿ–ಸಿದ್ದಾಪುರ ಒಂದು ವಿಧಾನಸಭಾ ಕ್ಷೇತ್ರ, ಯಲ್ಲಾಪುರ ಇನ್ನೊಂದು, ಮೂರಕ್ಕೂ ಸಂಸದರು ಒಬ್ಬರೇ. ಮೂರೂ ಊರಿನ ಸಂಘಗಳು ಒಂದೇ ಮನವಿಗೆ ಸಹಿ ಹಾಕಿದರೆ ಇಬ್ಬರು ಶಾಸಕರು ಮತ್ತು ಒಬ್ಬ ಸಂಸದರ ಮುಂದೆ ಒಂದೇ ಮಾತು ನಿಲ್ಲುತ್ತದೆ.

ಮನವಿಯನ್ನು ತೀರ್ಮಾನಕ್ಕೆ ಮೊದಲು ಕೊಡಬೇಕು. ಬಜೆಟ್ ಮಂಡನೆಯಾದ ಮೇಲೆ, ಟೆಂಡರ್ ಕರೆದ ಮೇಲೆ ಕೊಟ್ಟ ಮನವಿ ಕಡತ ಸೇರುತ್ತದೆ. ಒಂದು ಮನವಿಯಲ್ಲಿ ಒಂದೇ ಬೇಡಿಕೆ ಇರಲಿ, ಎಷ್ಟು ಅಂಗಡಿಗೆ ಎಷ್ಟು ನಷ್ಟ ಎಂಬ ಪಟ್ಟಿ ಜೊತೆಗಿರಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಸಂಘವೂ ಕಾಗದದ ಮೇಲಿರಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ನೋಂದಣಿ ಸಾಧ್ಯ. ವರ್ಷಕ್ಕೊಮ್ಮೆ ಸಾಮಾನ್ಯ ಸಭೆ, ವರ್ಷಕ್ಕೊಮ್ಮೆ ಲೆಕ್ಕ. ಸದಸ್ಯರಿಗೇ ಲೆಕ್ಕ ತೋರಿಸದ ಸಂಘ ಅಧಿಕಾರಿಗೆ ಲೆಕ್ಕ ಕೇಳಲಾರದು.

ಗಾಡಿ, ಬುಟ್ಟಿ ಇಟ್ಟು ವ್ಯಾಪಾರ ಮಾಡುವ ಸಹೋದರ ಸಹೋದರಿಯರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎತ್ತಂಗಡಿ ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಅಲ್ಪಸಂಖ್ಯಾತರಿಗೂ ಪ್ರಾತಿನಿಧ್ಯ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಕುರ್ಚಿಯಲ್ಲಿ ನಮ್ಮ ಪಟ್ಟಣದ ವ್ಯಾಪಾರಿ ಕೂತಿದ್ದಾರೆಯೇ ಎಂದು ನೋಡುವುದು ಸಂಘದ ಕೆಲಸ.

ನಮ್ಮವರು ಕೇಳುವ ಕಹಿ ಪ್ರಶ್ನೆಯೊಂದಿದೆ: ಮುಸ್ಲಿಂ ವ್ಯಾಪಾರಿಗಳೇ ಬೇರೆ ಸಂಘ ಕಟ್ಟಬಾರದೇಕೆ? 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ನಮ್ಮವರಿಗೆ ಅಂಗಡಿ ಜಾಗ ಸಿಗಲಿಲ್ಲ. ವಿಧಾನಸಭೆಯಲ್ಲಿ ಚರ್ಚೆಯಾದಾಗ ಸರ್ಕಾರ 2002ರ ನಿಯಮವೊಂದನ್ನು ಮುಂದಿಟ್ಟಿತು. ಆ ನೋವು ನಿಜ. ಆದರೆ ಆ ಪೆಟ್ಟಿಗೆ ಪ್ರತ್ಯೇಕ ಸಂಘ ಮದ್ದಲ್ಲ. ನಾವಷ್ಟೇ ಕೂಗಿದರೆ ಅದು ಒಂದು ಸಮುದಾಯದ ದೂರು ಎನಿಸಿಕೊಳ್ಳುತ್ತದೆ. ಬಳೆ ಮಾರುವವರು, ಮಿಠಾಯಿಯವರು, ಕಿರಾಣಿಯವರು, ಹಣ್ಣಿನವರು ಎಲ್ಲರೂ ಇರುವ ಸಂಘ ಹೇಳಿದರೆ ಅದು ಪೇಟೆಯ ಮಾತು. ಅದಕ್ಕಾಗಿ ನಮ್ಮವರು ಮಾಮೂಲಿ ದಿನಗಳಲ್ಲೇ ಊರಿನ ವ್ಯಾಪಾರಿ ಸಂಘದ ಸದಸ್ಯರಾಗಬೇಕು, ವಂತಿಗೆ ಕಟ್ಟಬೇಕು, ಇತರರ ಕಷ್ಟದ ಮನವಿಗೂ ಸಹಿ ಹಾಕಬೇಕು. ಸಂಕಟ ಬಂದ ದಿನ ಮಾತ್ರ ಸದಸ್ಯರಾಗಲು ಹೋದರೆ ಯಾರ ಮೇಲೆ ಹಕ್ಕಿರುತ್ತದೆ?

ಕೊನೆಯದಾಗಿ ಎರಡು ಎಚ್ಚರಿಕೆ. ಕೆಲಸ ಬೇಗ ಆಗಲೆಂದು ಸಂಘದ ಹೆಸರಿನಲ್ಲಿ ಲಂಚ ಸಂಗ್ರಹಿಸಬೇಡಿ. ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಪಾಪ, ಕಾನೂನಿನಲ್ಲೂ ಅಪರಾಧ. ಚುನಾವಣೆ ಬಂದಾಗ ಸಂಘವನ್ನು ಯಾವ ಪಕ್ಷಕ್ಕೂ ಒತ್ತೆ ಇಡಬೇಡಿ. ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಸಭೆಗೆ ಕರೆಯಿರಿ, ಒಂದೇ ಬೇಡಿಕೆ ಪಟ್ಟಿ ಕೊಡಿ, ಅವರ ಉತ್ತರ ಬರೆದಿಟ್ಟುಕೊಳ್ಳಿ. ಗೆದ್ದವರು ಯಾರೇ ಆಗಲಿ, ಆರು ತಿಂಗಳ ನಂತರ ಆ ಹಾಳೆ ಹಿಡಿದು ಅವರ ಬಾಗಿಲಿಗೆ ಹೋಗಿ.